ಹದ್ದಿನ ಮೊಟ್ಟೆಯ ಐವತ್ತೊಂದು ಗಂಟೆ

೧೯೯೮ರ ಫೆಬ್ರವರಿಯಲ್ಲಿ ನಾನು ದುಬೈ ಊರಾಚೆಯ ಒಂದು ಕೋಳಿ ಫಾರ್ಮಿನಲ್ಲಿ ಹ್ಯಾಚರಿ ಮ್ಯಾನೇಜರ್ ಆಗಿದ್ದೆ. ಹ್ಯಾಚರಿ ಎಂದರೆ ಮೊಟ್ಟೆಗಳಿಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸುವ ಜಾಗ. ಆ ಕಾವಿನ ಪೆಟ್ಟಿಗೆಗೆ ಇನ್‌ಕ್ಯುಬೇಟರ್ ಎನ್ನುತ್ತೇವೆ. ಧಾರವಾಡದಲ್ಲಿ ಬೆಳೆದು ವೆಟರ್ನರಿ ಓದಿದ ನಾನು ಹನ್ನೆರಡು ವರ್ಷ ಕೋಳಿಯ ಹೊರತು ಬೇರೆ ಹಕ್ಕಿಯನ್ನು ಮುಟ್ಟಿಯೂ ನೋಡಿರಲಿಲ್ಲ. ಆದರೆ ಮೊಟ್ಟೆಯ ವಿಷಯ ಬಂದರೆ ನನ್ನೆದುರು ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ಅಷ್ಟು ಸೊಕ್ಕಿತ್ತು ನನಗೆ.

ನಮ್ಮ ಕೆಲಸವೆಲ್ಲ ಗಡಿಯಾರದ ಮೇಲೆ. ಕೋಳಿಮೊಟ್ಟೆಗೆ ಇಪ್ಪತ್ತೊಂದು ದಿನ. ಮರಿ ಒಳಗಿನಿಂದ ಕೊಕ್ಕಿನಲ್ಲಿ ಕುಟ್ಟಿ ಚಿಪ್ಪಿಗೆ ಮೊದಲ ಬಿರುಕು ಬಿಡಿಸುವುದಕ್ಕೆ ‘ಪಿಪ್’ ಎನ್ನುತ್ತೇವೆ. ಪಿಪ್ ಆದ ಕೋಳಿಮರಿ ಹನ್ನೆರಡರಿಂದ ಹದಿನೆಂಟು ಗಂಟೆಯೊಳಗೆ ಹೊರಗಿರಬೇಕು. ಇಪ್ಪತ್ತನಾಲ್ಕಾದರೂ ಬರಲಿಲ್ಲವೆಂದರೆ ಅದರ ಕತೆ ಮುಗಿದ ಹಾಗೆ. ಟ್ರೇ ಹೊರಗೆಳೆಯುವ ಹೊತ್ತಿಗೆ ಚಿಪ್ಪಿನೊಳಗೇ ಉಳಿದದ್ದನ್ನು ಕಸಕ್ಕೆ ಹಾಕಿಸುತ್ತಿದ್ದವಳು ನಾನೇ. ಸಾವಿರಾರು ಮರಿಗಳ ನಡುವೆ ಒಂದೊಂದನ್ನೇ ಕಾಯುತ್ತ ಕೂರಲು ಆಗುವುದಿಲ್ಲ.

ಆ ದಿನಗಳಲ್ಲಿ ನನ್ನನ್ನು ಹುಡುಕಿಕೊಂಡು ಬಂದವರು ಸದಾನಂದ. ಮಂಗಳೂರು ಕಡೆಯವರು. ದುಬೈಯ ಮಿರ್ದಿಫ್‌ನಲ್ಲಿ ಒಬ್ಬ ಅರಬ್ ಶ್ರೀಮಂತರ ವಿಲ್ಲಾ ನೋಡಿಕೊಳ್ಳುವ ಮ್ಯಾನೇಜರ್. ಕನ್ನಡದವರ ಒಂದು ಊಟದಲ್ಲಿ ಪರಿಚಯವಾಗಿತ್ತು. ಆ ಯಜಮಾನರನ್ನು ಅಲ್ಲಿ ಎಲ್ಲರೂ ಅರಬಾಬ್ ಎಂದೇ ಕರೆಯುತ್ತಿದ್ದರು. ಅವರ ವಿಲ್ಲಾದ ಹಿಂದೆ ಬಲೆ ಹಾಕಿದ ದೊಡ್ಡದೊಂದು ಪಂಜರ, ಅದರಲ್ಲಿ ಯುರೋಪಿನ ಮೃಗಾಲಯವೊಂದರಿಂದ ಕಾಗದಪತ್ರ ಸಮೇತ ತರಿಸಿದ ಒಂದು ಜೋಡಿ ಬಾಲ್ಡ್ ಈಗಲ್. ಅಮೆರಿಕದ ಬಿಳಿ ತಲೆಯ ಹದ್ದು.

ಮೊದಲ ಸಲ ನೋಡಿದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ರೆಕ್ಕೆ ಬಿಚ್ಚಿದರೆ ಹೆಚ್ಚುಕಡಿಮೆ ಏಳು ಅಡಿ. ಹೆಣ್ಣು ಗಂಡಿಗಿಂತ ದೊಡ್ಡದು. ಐದು ವರ್ಷ ತುಂಬುವವರೆಗೆ ಇವುಗಳ ತಲೆ ಕಂದಾಗಿಯೇ ಇರುತ್ತದಂತೆ. ಈ ಎರಡಕ್ಕೂ ಎಂಟು ತುಂಬಿತ್ತು, ತಲೆ ಹಾಲಿನಷ್ಟು ಬೆಳ್ಳಗಿತ್ತು. ಆಮೇಲೆ ಅದು ಕೂಗಿತು ನೋಡಿ, ನನಗೆ ನಗು ತಡೆಯಲಾಗಲಿಲ್ಲ. ಕಿಚ್ ಕಿಚ್ ಎನ್ನುವ ಸಣ್ಣ ದನಿ.

“ಇಷ್ಟು ದೊಡ್ಡ ದೇಹ, ಸ್ವರ ಮಾತ್ರ ನಿಮ್ಮ ಕೋಳಿಮರಿಯದ್ದು ಮೇಡಂ,” ಎಂದರು ಸದಾನಂದ. “ಸಿನಿಮಾದಲ್ಲಿ ಕಿರುಚುವುದು ಎಲ್ಲ ಬೇರೆ ಹಕ್ಕಿಯದ್ದಂತೆ ಮಾರಾಯ್ರೆ.”

ಹದ್ದುಗಳನ್ನು ನೋಡಿಕೊಳ್ಳುತ್ತಿದ್ದವನು ಗುಲ್ ಜಮಾನ್. ಪೇಶಾವರದ ಕಡೆಯ ಪಠಾಣ, ಐವತ್ತೈದರ ಮೇಲಿನ ವಯಸ್ಸು, ಇಪ್ಪತ್ತೆರಡು ವರ್ಷದಿಂದ ಅದೇ ಮನೆಯಲ್ಲಿ ಇದ್ದವನು. ನನ್ನನ್ನು ಬಾಜಿ ಎನ್ನುತ್ತಿದ್ದ, ಅಕ್ಕ ಎಂದ ಹಾಗೆ. ದಿನಾ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ತಾಜಾ ಮೀನು ತಂದು ಹಾಕುತ್ತಿದ್ದ. ಚಳಿಗಾಲದಲ್ಲಿ ಹಕ್ಕಿಗಳು ಕಡ್ಡಿ ಎತ್ತಿಡಲು ಶುರುಮಾಡಿದಾಗ ಅವನು ಘಾಫ್ ಮರದ ಕೊಂಬೆ, ಖರ್ಜೂರದ ಗರಿ ತಂದು ಕೊಡುತ್ತಲೇ ಹೋದ. ಅವು ಹೆಣೆಯುತ್ತಲೇ ಹೋದವು. ಮಂಚದಷ್ಟು ಅಗಲದ ಗೂಡಾಯಿತು. ಕಾಡಿನಲ್ಲಾದರೆ ಅದೇ ಗೂಡಿಗೆ ವರ್ಷ ವರ್ಷ ಕಡ್ಡಿ ಸೇರಿಸುತ್ತ ಟನ್ ತೂಗುವ ಹಾಗೆ ಮಾಡುತ್ತವಂತೆ. ಗೂಡಿನಲ್ಲಿ ಎರಡು ಮೊಟ್ಟೆ ಬಂದವು. ಗಂಡು ಹೆಣ್ಣು ಸರದಿಯ ಮೇಲೆ ಕಾವಿಗೆ ಕೂತವು. ಗುಲ್ ಜಮಾನ್ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಒಂದು ಗೀಟು ಎಳೆಯುತ್ತಿದ್ದ.

ಇಪ್ಪತ್ತಾರನೆಯ ದಿನ ಪಕ್ಕದ ಸೈಟಿನಲ್ಲಿ ಹೊಸ ವಿಲ್ಲಾಕ್ಕೆ ಪಾಯ ತೋಡುವ ಯಂತ್ರ ಬಂತು. ಗುಲ್ ಜಮಾನ್ ಮೀನು ತರಲು ಹೋಗಿದ್ದ ಹೊತ್ತು. ನೆಲ ಅದುರಿದ ಕೂಡಲೇ ಹೆಣ್ಣುಹದ್ದು ಬೆದರಿ ಎದ್ದು ಹಾರಿತು. ಒಂದು ಮೊಟ್ಟೆ ಉರುಳಿ ಬಿದ್ದು ಒಡೆಯಿತು. ಇನ್ನೊಂದು ಎಷ್ಟು ಹೊತ್ತು ಗೂಡಿನಲ್ಲಿ ಕಾವಿಲ್ಲದೆ ಬಿದ್ದಿತ್ತೋ ದೇವರಿಗೇ ಗೊತ್ತು. ಅವನು ಬಂದು ನೋಡಿ, ಏಣಿ ಹತ್ತಿ, ಮುಂಗೈಗೆ ಹದ್ದಿನ ಉಗುರು ಚುಚ್ಚಿಸಿಕೊಂಡು, ಆ ತಣ್ಣನೆ ಮೊಟ್ಟೆಯನ್ನು ಕಮೀಜಿನೊಳಗೆ ಹೊಟ್ಟೆಗೆ ಒತ್ತಿಟ್ಟುಕೊಂಡು ಕೂತುಬಿಟ್ಟ. ಸದಾನಂದ ನನಗೆ ಫೋನ್ ಮಾಡಿದರು. ಹದ್ದುಗಳನ್ನು ನೋಡುತ್ತಿದ್ದ, ಫಾಲ್ಕನ್ ಎಂಬ ಬೇಟೆಹಕ್ಕಿಗಳ ಡಾಕ್ಟರು ರಜೆಯ ಮೇಲೆ ಊರಿಗೆ ಹೋಗಿದ್ದರು.

ನಾನು ಫಾರ್ಮಿನ ಚಿಕ್ಕ ಇನ್‌ಕ್ಯುಬೇಟರನ್ನು ಕಾರಿನ ಹಿಂದೆ ಹಾಕಿಕೊಂಡು ಓಡಿದೆ. ಕೋಣೆ ಕತ್ತಲು ಮಾಡಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದೆ. ಕೆಂಪು ನರಗಳು ಕಂಡವು. ಒಳಗೊಂದು ನೆರಳು ಮಿಸುಕಿತು.

“ಜೀವ ಐತಿ,” ಎಂದೆ.

ಗುಲ್ ಜಮಾನ್ ನೆಲದ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮುಂಗೈಯ ರಕ್ತ ಮೊಣಕೈವರೆಗೆ ಇಳಿದಿತ್ತು.

ಹೊರಗೆ ಬಂದಾಗ ಸದಾನಂದ ತಗ್ಗಿದ ದನಿಯಲ್ಲಿ ವಿಷಯ ಹೇಳಿದರು. “ಅರಬಾಬ್ ಲಂಡನ್ನಿನಿಂದ ಫೋನ್ ಮಾಡಿದ್ರು. ಗೂಡು ಬಿಟ್ಟು ಯಾಕೆ ಹೋದ ಅಂತ ಕೇಳ್ತಾರೆ. ಈ ಮೊಟ್ಟೆಯೂ ಹೋದ್ರೆ ಅವನ ವೀಸಾ ಕ್ಯಾನ್ಸಲ್ ಅಂತೆ. ಈ ಪ್ರಾಯದಲ್ಲಿ ಅವನಿಗೆ ಬೇರೆ ಯಾರು ವೀಸಾ ಕೊಡ್ತಾರೆ ಹೇಳಿ?”

“ಮೀನು ತರಲಿಕ್ಕೆ ಕಳಸಿದವರು ಯಾರು? ಅದನ್ನ ಕೇಳ್ರಿ ಮೊದಲ,” ಎಂದು ನಾನು ರೇಗಿದೆ. ಆದರೆ ರೇಗಿ ಏನು ಪ್ರಯೋಜನ? ಒಂದು ಜೀವದ ಜೊತೆಗೆ ಒಬ್ಬ ಮನುಷ್ಯನ ಅನ್ನವೂ ಆ ಚಿಪ್ಪಿನೊಳಗೆ ಸೇರಿಕೊಂಡಿತ್ತು. ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡೆ.

ಗೂಡಿನಲ್ಲಿ ಏನೂ ಇಲ್ಲದಿದ್ದರೆ ಹಕ್ಕಿಗಳು ಗೂಡನ್ನೇ ಬಿಟ್ಟುಬಿಡುತ್ತವೆ. ಅದಕ್ಕೆ ಗುಲ್ ಜಮಾನ್ ಮರದ ತುಂಡೊಂದನ್ನು ಕೆತ್ತಿ, ಉಜ್ಜಿ, ಬಿಳಿ ಬಣ್ಣ ಬಳಿದು ಸುಳ್ಳು ಮೊಟ್ಟೆ ಮಾಡಿ ಇಟ್ಟ. ಪಾಯದ ಗದ್ದಲ ಮೂರು ದಿನಕ್ಕೆ ಮುಗಿಯಿತು. ಹಕ್ಕಿಗಳು ಬಂದು ಆ ಮರದ ಮೊಟ್ಟೆಯ ಮೇಲೆ ಶ್ರದ್ಧೆಯಿಂದ ಕೂತವು. ನಿಜವಾದ ಮೊಟ್ಟೆ ಒಳಗಿನ ಕೋಣೆಯಲ್ಲಿ ೩೭.೪ ಡಿಗ್ರಿಯಲ್ಲಿತ್ತು. ದಿನಾ ಡ್ಯೂಟಿ ಮುಗಿಸಿ ಹೋಗಿ ತೂಕ ನೋಡಿ ಬರುತ್ತಿದ್ದೆ. ನನ್ನ ಗಂಡ ಅಬುಧಾಬಿಯ ಖಾಲಿದಿಯಾದಲ್ಲಿ ಇಂಜಿನಿಯರ್. ವಾರದ ರಜೆಗೆ ಮಾತ್ರ ಮನೆಗೆ ಬರುತ್ತಿದ್ದರು. ಬಂದವರು ನನ್ನ ಓಡಾಟ ನೋಡಿ, “ಏನ ಸರೂ, ಕೋಳಿ ಬಾಣಂತನ ಸಾಲಲಿಲ್ಲೇನು? ಈಗ ಹದ್ದಿಂದೂ ಹಚ್ಚಿಕೊಂಡಿ?” ಎಂದು ನಕ್ಕರು.

ಮೂವತ್ತೈದನೆಯ ದಿನ, ಶನಿವಾರ ಬೆಳಿಗ್ಗೆ ಎಂಟಕ್ಕೆ ಪಿಪ್ ಆಯಿತು. ಹದ್ದಿನ ಮೊಟ್ಟೆಗೆ ಮೂವತ್ತೈದು ದಿನವಂತೆ, ಅದಕ್ಕೇ ನಾನು ಡ್ಯೂಟಿಗೆ ಮುಂಚೆಯೇ ಬಂದು ಅಲ್ಲೇ ಇದ್ದೆ. ಚಿಪ್ಪಿನ ದಪ್ಪ ತುದಿಯಲ್ಲಿ ನಕ್ಷತ್ರದ ಹಾಗೆ ಸಣ್ಣ ಬಿರುಕು. ಕಿವಿ ಹತ್ತಿರ ತಂದರೆ ಒಳಗಿನಿಂದ ಕಿಚ್ ಕಿಚ್. ಗುಲ್ ಜಮಾನ್ ಬಗ್ಗಿ ಕೇಳಿ, “ಬೋಲ್ ರಹಾ ಹೈ, ಬಾಜಿ!” ಮಾತಾಡುತ್ತಿದೆ ಎಂದು ಮಗುವಿನ ಹಾಗೆ ಕುಣಿದ. ನಾನು ದೊಡ್ಡ ತಜ್ಞೆಯ ಗತ್ತಿನಲ್ಲಿ, “ರಾತ್ರಿಯೊಳಗೆ ಹೊರಗಿರುತ್ತದೆ,” ಎಂದೆ. ಎಲ್ಲಿಂದ ಬಂತು ಆ ಮಾತು? ಕೋಳಿಯಿಂದ ಬಂತು. ಹದ್ದಿನ ಬಗ್ಗೆ ನನಗೇನು ಗೊತ್ತಿತ್ತು?

ಆದರೂ ಒಂದು ಮಾತು ಕೇಳಿಡೋಣವೆಂದು ಅಮೆರಿಕದಲ್ಲಿ ಹದ್ದು ಸಾಕುವ ಒಂದು ಕೇಂದ್ರಕ್ಕೆ ಸದಾನಂದರಿಂದ ಫ್ಯಾಕ್ಸ್ ಹಾಕಿಸಿದೆ. ಫೋನ್ ಮಾಡಿದರೆ ಆನ್ಸರಿಂಗ್ ಮೆಷಿನ್. ಆಗ ನಮಗೆ ಗುರುವಾರ ಶುಕ್ರವಾರ ರಜೆ, ಅವರಿಗೆ ಶನಿವಾರ ಭಾನುವಾರ. ನಾವು ಕೆಲಸಕ್ಕೆ ಕೂತ ಹೊತ್ತಿಗೆ ಅವರು ಬಾಗಿಲು ಹಾಕಿಕೊಂಡು ಹೋಗಿದ್ದರು. ಅವರ ಸೋಮವಾರ ಬೆಳಿಗ್ಗೆ ಎಂದರೆ ನಮಗೆ ಸೋಮವಾರ ಸಂಜೆ. ಅಲ್ಲಿಯವರೆಗೆ ನಾವು ಮೂವರು ಮತ್ತು ಆ ಮೊಟ್ಟೆ.

ಶನಿವಾರ ಸಂಜೆ ನಾಲ್ಕಕ್ಕೆ ಫಾರ್ಮಿನಿಂದ ವಾಪಸು ಬಂದು ನೋಡಿದರೆ ಬಿರುಕು ಅಷ್ಟೇ ಇತ್ತು. ಭಾನುವಾರ ಬೆಳಿಗ್ಗೆ ಎಂಟಕ್ಕೂ ಅಷ್ಟೇ. ಇಪ್ಪತ್ತನಾಲ್ಕು ಗಂಟೆ ಮುಗಿದಿತ್ತು. ದನಿ ನಿಮಿಷಕ್ಕೊಮ್ಮೆ ಬರುತ್ತಿದ್ದದ್ದು ಹತ್ತು ನಿಮಿಷಕ್ಕೊಮ್ಮೆ ಆಯಿತು. ಒಂಬತ್ತೂವರೆಯಿಂದ ಹತ್ತರವರೆಗೆ ಒಂದು ಸಲವೂ ಬರಲಿಲ್ಲ.

“ಮೇಡಂ, ಎಂಥದು ಇದು? ಸತ್ತು ಹೋಯ್ತಾ?” ಸದಾನಂದ ನನ್ನತ್ತ ತಿರುಗಿದರು. “ನೀವು ಡಾಕ್ಟ್ರಲ್ವಾ, ಏನಾದ್ರೂ ಮಾಡಿ.”

ಅಷ್ಟು ಸಾಕಾಯಿತು ನನಗೆ. ಕೈ ತುರಿಸುತ್ತಿತ್ತು. ಮರಿ ಉಸಿರುಗಟ್ಟಿ ಸಾಯುತ್ತಿದೆ, ಚಿಪ್ಪು ತೆರೆದರೆ ಬದುಕುತ್ತದೆ ಎಂದು ನನಗೆ ಖಾತ್ರಿಯಾಗಿತ್ತು. ಗುಲ್ ಜಮಾನ್ ಹದ್ದುಗಳಿಗೆ ಮೀನು ಹಾಕಲು ಹೊರಗೆ ಹೋಗಿದ್ದ. ಇದ್ದಿದ್ದರೆ ತಡೆಯುತ್ತಿದ್ದನೇನೋ. ಇಕ್ಕಳವನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ತೆರೆಯುವ ಮುಂಚೆ ಇನ್ನೊಮ್ಮೆ ಟಾರ್ಚ್ ಹಿಡಿದು ಒಳಗಿನ ನರಗಳು ಬತ್ತಿವೆಯೇ ನೋಡಬೇಕಿತ್ತು. ನೋಡಲಿಲ್ಲ. ಕೋಳಿಯಲ್ಲಿ ಕೊನೆಯ ಹಂತದಲ್ಲಿ ಯಾರೂ ನೋಡುವುದಿಲ್ಲ. ಬಿರುಕಿನ ಅಂಚು ಹಿಡಿದು ಅವರೆಕಾಳಿನಷ್ಟು ಚಿಪ್ಪು ಎತ್ತಿದೆ. ಕೆಳಗೆ ಬಿಳಿಯ ಪೊರೆ. ಅದನ್ನೂ ಒಂದೇ ಒಂದು ಎಳೆ ಎಳೆದೆ.

ರಕ್ತ ಬಂತು.

ಮೊದಲು ಕೂದಲೆಳೆಯಷ್ಟು ಕೆಂಪು ಗೆರೆ, ನೋಡುತ್ತಿದ್ದ ಹಾಗೆ ತುಂಬಿದ ಹನಿ. ಆ ಕ್ಷಣವೇ ನನಗೆ ಎಲ್ಲ ಅರ್ಥವಾಯಿತು. ಮರಿ ಸಾಯುತ್ತಿರಲಿಲ್ಲ, ಸುಮ್ಮನಿತ್ತು ಅಷ್ಟೆ. ಚಿಪ್ಪಿನೊಳಗಿನ ಮರಿ ಪೊರೆಯ ನರಗಳ ಮೂಲಕ ಉಸಿರಾಡುತ್ತಿರುತ್ತದೆ. ಪಿಪ್ ಆದ ಮೇಲೆ ಶ್ವಾಸಕೋಶ ಕೆಲಸಕ್ಕೆ ಹತ್ತಬೇಕು, ನರಗಳಲ್ಲಿನ ರಕ್ತ ಮೈಯೊಳಕ್ಕೆ ಹಿಂದಿರುಗಬೇಕು, ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳಬೇಕು. ಅದಕ್ಕೆಲ್ಲ ಅದು ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಕೋಳಿಯಲ್ಲಿ ಕೆಲವೇ ಗಂಟೆಯಲ್ಲಿ ಮುಗಿಯುವ ಕೆಲಸ ಇಲ್ಲಿ ಇನ್ನೂ ನಡೆದಿತ್ತು. ನಾನು ನಡುವೆ ಕೈ ಹಾಕಿದ್ದೆ.

ಹತ್ತಿಕಡ್ಡಿಯನ್ನು ಆ ಹನಿಯ ಮೇಲೆ ಇಟ್ಟು ಒತ್ತಿದೆ. ಜೋರಾಗಿ ಒತ್ತಿದರೆ ಪೊರೆ ಹರಿಯುತ್ತದೆ, ಮೆಲ್ಲಗೆ ಒತ್ತಿದರೆ ರಕ್ತ ನಿಲ್ಲುವುದಿಲ್ಲ. ಗಡಿಯಾರ ನೋಡುತ್ತ ಏಳು ನಿಮಿಷ ಹಾಗೇ ಹಿಡಿದೆ. ಇಷ್ಟು ಸಣ್ಣ ಜೀವದಲ್ಲಿ ಇರುವ ರಕ್ತವೇ ಎಷ್ಟು! ನಾಲ್ಕು ಹನಿ ಹೋದರೆ ಮುಗಿಯಿತು. ಏಳು ನಿಮಿಷಕ್ಕೆ ಹತ್ತಿ ತೆಗೆದೆ. ನಿಂತಿತ್ತು. ಪೆಟ್ಟಿಗೆಯಲ್ಲಿ ಒದ್ದೆ ಸ್ಪಂಜುಗಳನ್ನು ಇಟ್ಟು, ತೇವ ಏರಿಸಿ, ಮುಚ್ಚಿದೆ.

ಸದಾನಂದ ಬಾಗಿಲು ಹಾಕಿ ಬಂದರು. ಒಳ್ಳೆಯ ಮನುಷ್ಯ, ನನ್ನ ಒಳ್ಳೆಯದಕ್ಕೇ ಹೇಳಿದರು.

“ಯಾರೂ ನೋಡ್ಲಿಲ್ಲ ಮೇಡಂ. ನಾಳೆ ಏನಾದ್ರೂ ಆದ್ರೆ, ಆ ದಿನ ಗೂಡಲ್ಲಿ ತಣ್ಣಗಾದದ್ದಕ್ಕೇ ಆಯ್ತು ಅಂತ ಹೇಳುವ. ನೀವು ಉಪಕಾರ ಮಾಡ್ಲಿಕ್ಕೆ ಬಂದವರು, ನಿಮಗೆ ಯಾಕೆ ಕೆಟ್ಟ ಹೆಸರು?”

ಸುಳ್ಳು ಹೇಳುವುದಿಲ್ಲ, ಅರ್ಧ ನಿಮಿಷ ಆ ಮಾತು ಹಿತವಾಗಿಯೇ ಕೇಳಿಸಿತು. ಹನ್ನೆರಡು ವರ್ಷ ಗಳಿಸಿದ ಹೆಸರು. ಆದರೆ ಗೂಡಲ್ಲಿ ತಣ್ಣಗಾದದ್ದು ಎಂದರೆ ಅದು ಗುಲ್ ಜಮಾನನ ತಲೆಯ ಮೇಲೆ. ಅವನು ಹೊರಗೆ ಮೀನು ಹೆಚ್ಚುತ್ತ ತನ್ನ ಪಶ್ತೋ ಭಾಷೆಯಲ್ಲಿ ಏನೋ ಗುನುಗುತ್ತಿದ್ದದ್ದು ಕಿಟಕಿಯಿಂದ ಕೇಳುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

“ಸದಾನಂದ, ಫೋನ್ ಹಚ್ಚಿ ಕೊಡ್ರಿ. ಅರಬಾಬ್‌ಗ.”

“ಬೇಡ ಮೇಡಂ...”

“ಹಚ್ಚ್ರಿ ಅಂದೆ!”

ಲಂಡನ್ನಿನಲ್ಲಿ ಅರಬಾಬ್ ಸಿಕ್ಕರು. ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದೆ.

“ಹಾಗಾದರೆ ಆ ಮರಿ ಸತ್ತರೆ ನಿಮ್ಮ ಕೈಯಿಂದ ಸತ್ತ ಹಾಗೆ,” ಎಂದರು.

“ಹೌದು. ಇಲ್ಲಿಯವರೆಗೆ ಬದುಕಿರುವುದು ಮಾತ್ರ ಗುಲ್ ಜಮಾನನಿಂದ. ಅವನು ಹೊಟ್ಟೆಗೆ ಒತ್ತಿಕೊಂಡಿರದಿದ್ದರೆ ನಾನು ಬರುವ ಹೊತ್ತಿಗೇ ಮುಗಿದಿರುತ್ತಿತ್ತು.”

ಅವರು ಫೋನ್ ಇಟ್ಟರು.

ಗುಲ್ ಜಮಾನ್ ಬಂದಾಗ ಅವನಿಗೂ ಹೇಳಿದೆ. ಬೈಯಲಿ ಎಂದು ಕಾದೆ. ಅವನು ನನ್ನ ಬೆರಳಿನ ಕೆಂಪು ಕಲೆಯನ್ನು ನೋಡಿ, ಕೈ ತೊಳೆದುಕೊಳ್ಳಿ ಬಾಜಿ, ಎಂದು ಹಿಂದಿಯಲ್ಲಿ ಹೇಳಿ ಚಹಾ ಮಾಡಲು ಹೋದ. ಬೈದಿದ್ದರೆ ವಾಸಿಯಿತ್ತು.

ನಾನು ಅವನಿಗೊಂದು ಕೆಲಸ ಕೊಟ್ಟೆ. “ನನ್ನ ಕೈ ಸುಮ್ಮನಿರುವುದಿಲ್ಲ. ನೀವು ಪೆಟ್ಟಿಗೆಯ ಬಾಗಿಲಿಗೆ ಅಡ್ಡ ಕೂರಿ. ನಾನು ಕೇಳಿದರೂ ಪೆಟ್ಟಿಗೆ ತೆರೆಯಲು ಬಿಡಬೇಡಿ.” ಅವನು ಸ್ಟೂಲು ತಂದು ಬಾಗಿಲಿಗೆ ಅಡ್ಡ ಕೂತ. ಗಂಟೆಗೊಮ್ಮೆ ಎದ್ದು ಗಾಜಿನಿಂದ ನೋಡಿ ಉಷ್ಣಾಂಶ ಓದಿ ಹೇಳುವನು, ನಾನು ಬರೆದುಕೊಳ್ಳುವೆ. ಮಧ್ಯಾಹ್ನ ಮೂರಕ್ಕೆ ನಾನು ತಡೆಯಲಾರದೆ ಎದ್ದು ಹೋಗಿ, “ಒಂದು ನಿಮಿಷ, ಬರೀ ಕಿವಿಗೆ ಹಿಡಿದು ನೋಡುತ್ತೇನೆ,” ಎಂದೆ.

“ನಹೀ, ಬಾಜಿ.”

“ನಾನು ಡಾಕ್ಟರು!”

“ಅದಕ್ಕೇ ಬಿಡಬೇಡ ಎಂದು ನೀವೇ ಹೇಳಿದಿರಲ್ಲ,” ಎಂದ. ಜಾಗ ಬಿಟ್ಟು ಏಳಲಿಲ್ಲ. ಅವನ ವೀಸಾ ಅದರ ಮೇಲೆ ನಿಂತಿದೆ ಎಂದು ಅವನಿಗೂ ಗೊತ್ತಿತ್ತು. ಸದಾನಂದ ಯಾವತ್ತೋ ಹೇಳಿಬಿಟ್ಟಿದ್ದರು.

ಭಾನುವಾರ ಆಮೇಲೆ ಮೊಟ್ಟೆ ಮಾತಾಡಲೇ ಇಲ್ಲ. ಸೋಮವಾರವೂ ಫಾರ್ಮಿಗೆ ರಜೆ ಹೇಳಿ ಬೆಳಿಗ್ಗೆ ಏಳಕ್ಕೇ ಬಂದೆ. ಗುಲ್ ಜಮಾನನ ಕಣ್ಣು ಕೆಂಪಗಾಗಿತ್ತು, ಸ್ಟೂಲು ಅಲ್ಲೇ ಇತ್ತು. ಎಂಟಕ್ಕೆ ನಲವತ್ತೆಂಟು ಗಂಟೆ. ನಾನು ಮನಸ್ಸಿನಲ್ಲೇ ಕೈ ಬಿಟ್ಟಿದ್ದೆ. ಅರಬಾಬ್‌ಗೆ ಇನ್ನೊಮ್ಮೆ ಏನು ಹೇಳಬೇಕು, ಗುಲ್ ಜಮಾನನನ್ನು ಉಳಿಸಿಕೊಳ್ಳಿ ಎಂದು ಹೇಗೆ ಕೇಳಬೇಕು ಎಂದು ವಾಕ್ಯ ಜೋಡಿಸುತ್ತಿದ್ದೆ.

ಒಂಬತ್ತು ನಲವತ್ತಕ್ಕೆ ಅವನು ಕೂಗಿದ. “ಬಾಜಿ! ಘೂಮ್ ರಹಾ ಹೈ!”

ತಿರುಗುತ್ತಿತ್ತು. ಮರಿ ಒಳಗೇ ಮೈ ತಿರುಗಿಸುತ್ತ, ಕೊಕ್ಕಿನ ತುದಿಯ ಸಣ್ಣ ಹಲ್ಲಿನಂಥ ಗಟ್ಟಿ ಮೊನೆಯಿಂದ ಚಿಪ್ಪನ್ನು ಸುತ್ತಲೂ ಕುಟ್ಟುತ್ತಿತ್ತು. ಡಬ್ಬಿಯ ಮುಚ್ಚಳ ಕೊಯ್ದ ಹಾಗೆ ಬಿರುಕು ಮುಂದೆ ಮುಂದೆ ಹೋಯಿತು. ಸ್ವಲ್ಪ ಕುಟ್ಟುವುದು, ಬಹಳ ಹೊತ್ತು ಸುಮ್ಮನಿರುವುದು. ನಾವು ಮೂವರೂ ಗಾಜಿಗೆ ಮೂಗು ಒತ್ತಿ ನಿಂತಿದ್ದೆವು. ಹನ್ನೊಂದಕ್ಕೆ ಒಂದು ಜೋರು ಒದೆತ ಬಿತ್ತು, ಚಿಪ್ಪಿನ ಟೋಪಿ ಕಳಚಿತು, ಒದ್ದೆ ಬೂದು ಮುದ್ದೆಯೊಂದು ಹೊರಗೆ ಉರುಳಿತು. ಶನಿವಾರ ಎಂಟರಿಂದ ಎಣಿಸಿದರೆ ಐವತ್ತೊಂದು ಗಂಟೆ.

ಗುಲ್ ಜಮಾನ್ ತಾನೇ ಸ್ಟೂಲು ಪಕ್ಕಕ್ಕೆ ಎಳೆದ. ಮರಿಯನ್ನು ಎತ್ತಿ ತಿರುಗಿಸಿ ನೋಡಿದೆ. ಹೊಕ್ಕುಳು ಮುಚ್ಚಿತ್ತು, ಹಳದಿ ಪೂರ್ತಿ ಒಳಗೆ ಹೋಗಿತ್ತು. ತೂಕ ಎಂಬತ್ತಾರು ಗ್ರಾಂ. ಅದು ನನ್ನ ಅಂಗೈಯಲ್ಲಿ ತಲೆ ಎತ್ತಿ ಬಾಯಿ ತೆರೆಯಿತು. ಸದಾನಂದ ಅರಬಾಬ್‌ಗೆ ಫೋನ್ ಮಾಡಲು ಓಡಿದರು. ವಾಪಸು ಬಂದಾಗ ಮುಖ ಅರಳಿತ್ತು. “ವೀಸಾ ಮಾತು ಖಲಾಸ್ ಅಂತೆ ಮೇಡಂ. ಇನ್ನೊಂದು ಹೇಳಿದ್ರು. ಆ ಡಾಕ್ಟ್ರು ಸುಳ್ಳು ಹೇಳಿದ್ದಿದ್ರೆ ಗುಲ್ ಜಮಾನನನ್ನು ಊರಿಗೆ ಕಳಿಸ್ತಿದ್ದೆ ಅಂತ.”

ಸಂಜೆ ಏಳಕ್ಕೆ ಅಮೆರಿಕದಿಂದ ಫ್ಯಾಕ್ಸ್ ಬಂತು. ನಲವತ್ತೆಂಟು ಗಂಟೆಗೆ ಮೊದಲು ಮುಟ್ಟಬೇಡಿ, ಮೂರು ದಿನವೂ ಆಗಬಹುದು, ಅವಸರ ಮಾಡಿದರೆ ರಕ್ತ ಬರುತ್ತದೆ ಎಂದಿತ್ತು. ಓದಿ ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಆದರೆ ಕೆಲಸ ಮುಗಿದಿರಲಿಲ್ಲ. ಮನುಷ್ಯರ ಕೈಯಲ್ಲಿ ಬೆಳೆದ ಹದ್ದು ತಾನು ಹದ್ದೆಂಬುದನ್ನೇ ಮರೆಯುತ್ತದೆ, ಅದನ್ನು ತಂದೆತಾಯಿಗೇ ಒಪ್ಪಿಸಬೇಕು. ಅವು ಒಪ್ಪದಿದ್ದರೆ? ಒಂದು ಸಲ ಕೊಕ್ಕು ಆಡಿಸಿದರೆ ಸಾಕು. ಮಂಗಳವಾರ ಬೆಳಿಗ್ಗೆ ಗುಲ್ ಜಮಾನ್ ದಪ್ಪ ಕೋಟು ಹಾಕಿಕೊಂಡು ಏಣಿ ಹತ್ತಿದ. ಕಾವಿಗೆ ಕೂತಿದ್ದ ಹೆಣ್ಣು ಎದ್ದು ಹಾರಿ ಎದುರಿನ ಕೊಂಬೆಗೆ ಕೂತಿತು. ಅವನು ಮರದ ಮೊಟ್ಟೆ ತೆಗೆದು, ಮರಿಯನ್ನು ಒಡೆದ ಚಿಪ್ಪಿನ ಜೊತೆ ಇಟ್ಟು ಇಳಿದ. ನಾನು ಗೋಡೆಯ ಸಂದಿನಲ್ಲಿ ನಿಂತು ನೋಡುತ್ತಿದ್ದೆ.

ಐದು ನಿಮಿಷ ಯಾವುದೂ ಅಲುಗಲಿಲ್ಲ. ಗೂಡಿನಿಂದ ಸಣ್ಣ ದನಿ ಬಂತು. ಹೆಣ್ಣು ತಲೆ ವಾಲಿಸಿ ಕೇಳಿತು. ದಡಕ್ಕನೆ ಹಾರಿ ಬಂದು ಗೂಡಿನ ಅಂಚಿಗೆ ಇಳಿಯಿತು. ಪಂಜ ಪೂರ್ತಿ ಬಿಚ್ಚಿತ್ತು, ಒಂದೊಂದು ಉಗುರೂ ನನ್ನ ಹೆಬ್ಬೆರಳಿನಷ್ಟು.

ಅಲ್ಲಿ ಅದು ನಿಂತಿತು. ಬೆರಳುಗಳನ್ನೆಲ್ಲ ಒಳಕ್ಕೆ ಮಡಚಿಕೊಂಡಿತು. ಎರಡೂ ಪಂಜವನ್ನು ಬಿಗಿಯಾಗಿ ಮುಷ್ಟಿ ಕಟ್ಟಿ, ಆ ಮುಷ್ಟಿಗಳ ಮೇಲೇ ಅತ್ತಿತ್ತ ವಾಲಾಡುತ್ತ, ಮರಿಯ ಕಡೆಗೆ ಒಂದೊಂದೇ ಹೆಜ್ಜೆ ಇಟ್ಟಿತು. ಮೂರು ಅಡಿ ದೂರಕ್ಕೆ ಎಷ್ಟು ಹೊತ್ತು ತೆಗೆದುಕೊಂಡಿತು! ಮೆಲ್ಲಗೆ ಮರಿಯ ಮೇಲೆ ಎದೆ ತಂದು, ಅತ್ತಿತ್ತ ಸರಿಸಿಕೊಂಡು, ಕೂತಿತು.

“ಹಮೇಶಾ ಐಸೇ ಹೀ, ಬಾಜಿ,” ಎಂದು ಗುಲ್ ಜಮಾನ್ ಪಿಸುಗುಟ್ಟಿದ. ಮೊಟ್ಟೆಯ ಹತ್ತಿರ, ಮರಿಯ ಹತ್ತಿರ ಅವು ಯಾವಾಗಲೂ ಹೀಗೇ ನಡೆಯುವುದು, ಉಗುರು ತಾಗೀತೆಂದು.

ನನಗೆ ಅಳು ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ನಾನು ಓದಿದ್ದು, ಪಳಗಿದ್ದು ಎಲ್ಲ ಕೈ ಎಲ್ಲಿ ಹೇಗೆ ಹಾಕಬೇಕು ಎನ್ನುವುದನ್ನು. ಆಮೇಲೆ ಹದಿನಾಲ್ಕು ವರ್ಷ ಕೆಲಸ ಮಾಡಿದೆ, ಎಷ್ಟೋ ಜನಕ್ಕೆ ಕಲಿಸಿದೆ. ಕಲಿಸಲು ಕಷ್ಟವಾದದ್ದು ಒಂದೇ: ಕೈಯಲ್ಲಿ ಬಲ ಇರುವವರು ಜೀವದ ಹತ್ತಿರ ಹೋಗುವಾಗ ಅದನ್ನು ಮಡಚಿಕೊಂಡು ಹೋಗಬೇಕು. ನನಗೆ ಅದನ್ನು ಕಲಿಸಿದ್ದು ಯಾವ ಕಾಲೇಜೂ ಅಲ್ಲ. ಮಿರ್ದಿಫ್‌ನ ಪಂಜರದಲ್ಲಿ ಮುಷ್ಟಿಯ ಮೇಲೆ ನಡೆದು ಹೋದ ಆ ತಾಯಿ ಕಲಿಸಿತು.